ನಾಜಲ್ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದೆಯೇ? ಮೊದಲು ಟ್ಯಾಂಕಿನ ತಳ ನೋಡಿ



ಬೆಳಗ್ಗೆ ಏಳೂವರೆಗೆ ಸಂಘದ ಮುಂದೆ ನಿಲ್ಲಬೇಕಾದ ಹಾಲಿನ ಗಾಡಿ ಒಂಬತ್ತಾದರೂ ಬರದಿದ್ದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ತುಂಬಿದ ಕ್ಯಾನುಗಳು ಜಗಲಿಯ ಮೇಲೆ ಸಾಲಾಗಿ ನಿಂತಿರುತ್ತವೆ, ಬಿಸಿಲು ಏರುತ್ತಿರುತ್ತದೆ, ಕಾರ್ಯದರ್ಶಿಯವರು ಕಿವಿಯಿಂದ ಫೋನ್ ತೆಗೆಯುವುದಿಲ್ಲ. ಬಿಎಂಸಿ ಇಲ್ಲದ ಸಂಘದಲ್ಲಿ ಕರೆದ ಹಾಲು ಮೂರ್ನಾಲ್ಕು ಗಂಟೆ ತಂಪು ಕಾಣದೆ ಉಳಿದರೆ ಅದರಲ್ಲಿ ಬ್ಯಾಕ್ಟೀರಿಯಾ ಬೇಗ ಬೇಗ ಹೆಚ್ಚುತ್ತವೆ. ಶೀತಲ ಕೇಂದ್ರಕ್ಕೆ ಹೋಗಿ ಮುಟ್ಟುವಾಗ, ಕುದಿಸಿ ನೋಡುವ ಸಿಒಬಿ ಪರೀಕ್ಷೆಯಲ್ಲೇ ಒಡೆದುಹೋಗಬಹುದು. ಎರಡು ಹಸು ಕಟ್ಟಿಕೊಂಡ ಮನೆಗೆ ಅದು ಒಂದು ಹೊತ್ತಿನ ದುಡಿಮೆ.

ಹಾಲಿನ ಮಾರ್ಗಗಳಲ್ಲಿ ಓಡುವ ಗಾಡಿಗಳು ಬಹುಪಾಲು ಡೀಸೆಲ್ ಪಿಕಪ್‌ಗಳು. ಎಷ್ಟೋ ಕಡೆ ಉತ್ಪಾದಕರ ಮನೆಯ ಮಕ್ಕಳೇ ಸಾಲ ಮಾಡಿ ಕೊಂಡು ಓಡಿಸುತ್ತಿದ್ದಾರೆ. ಈ ಗಾಡಿಗಳಲ್ಲಿ ತಿರುಗಿ ತಿರುಗಿ ಬರುವ ಒಂದು ದೂರು ನಾಜಲ್ ಕಟ್ಟಿಕೊಳ್ಳುವುದು. ಗ್ಯಾರೇಜಿಗೆ ಹೋಗಿ ತೊಳೆಸುತ್ತಾರೆ, ಗಾಡಿ ಸರಿಯಾಗುತ್ತದೆ, ಎರಡು ತಿಂಗಳಿಗೆ ಮತ್ತೆ ಅದೇ ಹೊಗೆ, ಅದೇ ಎಳೆತವಿಲ್ಲದ ಎಂಜಿನ್. ಕೊಟ್ಟಿಗೆಯ ನೆಲ ಒದ್ದೆಯಾಗಿಯೇ ಇರುವಾಗ ಕೆಚ್ಚಲು ಬಾವಿಗೆ ಟ್ಯೂಬ್ ಹಾಕಿಸುತ್ತಲೇ ಇರುವ ಹಾಗೆ ಇದು. ತೊಳೆಸುವುದು ತಪ್ಪಲ್ಲ. ಆದರೆ ಕೊಳೆ ಎಲ್ಲಿಂದ ಬರುತ್ತಿದೆ ಎಂದು ನೋಡದೆ ಬರೀ ತೊಳೆಸಿದರೆ ಹಣ ಮಾತ್ರ ಹೋಗುತ್ತದೆ.

ಒಂದು ಗಾಡಿಯ ಕಥೆ

ನನಗೆ ಪರಿಚಯದ ಮಾಲೀಕರೊಬ್ಬರ ಪಿಕಪ್ ಎಂಟು ತಿಂಗಳಲ್ಲಿ ಮೂರು ಸಲ ಇಂಜೆಕ್ಟರ್ ತೊಳೆಸಿಕೊಂಡಿತು, ನಾಲ್ಕನೆಯ ಸಲ ಒಂದು ಇಂಜೆಕ್ಟರನ್ನೇ ಬದಲಾಯಿಸಬೇಕಾಯಿತು. ಐದನೆಯ ಸಲ ಕಂಡ ಮೆಕ್ಯಾನಿಕ್ ಎಂಜಿನ್ ಮುಟ್ಟದೆ ಮೊದಲು ಡೀಸೆಲ್ ಟ್ಯಾಂಕ್ ಇಳಿಸಿದ. ತಳದಲ್ಲಿ ಒಂದು ಲೋಟದಷ್ಟು ನೀರು, ಅದರ ಮೇಲೆ ಕಂದು ಲೋಳೆ, ಜೊತೆಗೆ ಸಣ್ಣ ಮರಳು.

ನೀರು ಎಲ್ಲಿಂದ ಬಂತು? ಬಂಕ್ ಅವರ ಊರಿನಿಂದ ದೂರ. ವಾರಕ್ಕೊಮ್ಮೆ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಡೀಸೆಲ್ ತಂದು ಕೊಟ್ಟಿಗೆಯ ಹಿಂದೆ ಇಡುತ್ತಿದ್ದರು. ಒಂದು ಕ್ಯಾನಿನ ಮುಚ್ಚಳ ಕಳೆದುಹೋಗಿ ಪ್ಲಾಸ್ಟಿಕ್ ಕವರ್ ಕಟ್ಟಿದ್ದರು. ಮಳೆಗಾಲದಲ್ಲಿ ಸೂರಿನ ನೀರು ಅದರ ಮೇಲೆಯೇ ಬೀಳುತ್ತಿತ್ತು. ಬೆಳಗಿನ ನಾಲ್ಕು ಗಂಟೆಯ ಕತ್ತಲಲ್ಲಿ ಕ್ಯಾನನ್ನು ಕೊನೆಯ ಹನಿಯವರೆಗೂ ಟ್ಯಾಂಕಿಗೆ ಸುರಿಯುತ್ತಿದ್ದರು. ಹಾಲಿನ ಕ್ಯಾನನ್ನು ತೊಳೆದು ಬೋರಲು ಹಾಕಿ ಒಣಗಿಸದೆ ಎಂದೂ ಬಳಸದ ಮನುಷ್ಯ ಅವರು. ಡೀಸೆಲ್ ಕ್ಯಾನಿಗೆ ಆ ಮರ್ಯಾದೆ ಸಿಕ್ಕಿರಲಿಲ್ಲ.

ಇಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ತೊಂದರೆಯೇ?

ಹೌದು. ಹಳೆಯ ಗಾಡಿಗಳ ಪಂಪು–ನಾಜಲ್ ಸ್ವಲ್ಪ ಕೊಳೆಯನ್ನು ತಡೆದುಕೊಳ್ಳುತ್ತಿದ್ದವು. ಈಗಿನ ಗಾಡಿಗಳದ್ದು ಕಾಮನ್ ರೈಲ್ ವ್ಯವಸ್ಥೆ. ನಿಮ್ಮ ಗಾಡಿಯ ಟೈರಿನಲ್ಲಿ ಗಾಳಿಯ ಒತ್ತಡ ಮೂರ್ನಾಲ್ಕು ಬಾರ್ ಇದ್ದೀತು. ಡೀಸೆಲ್ ಹರಿಯುವ ರೈಲಿನಲ್ಲಿ ಅದು ಸಾವಿರ ಬಾರ್ ದಾಟಿ, ಎಂಜಿನ್ ಜೋರಾಗಿ ಎಳೆಯುವಾಗ 1,600 ಬಾರ್ ಆಸುಪಾಸಿಗೂ ಏರುವುದುಂಟು. ಆ ಒತ್ತಡದಲ್ಲಿ ಡೀಸೆಲ್ ಹೊರಬರುವ ನಾಜಲ್ ತೂತುಗಳು ಕೂದಲೆಳೆಯಷ್ಟು ಸಣ್ಣವು. ಒಳಗಿನ ಸೂಜಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಕಣ್ಣಿಗೆ ಕಾಣದ ಮಣ್ಣಿನ ಕಣ ಅಲ್ಲಿ ಮರಳುಕಾಗದದಂತೆ ಉಜ್ಜುತ್ತದೆ.

ಇನ್ನು ನೀರು. ಈ ಪಂಪಿಗೂ ಸೂಜಿಗೂ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅವುಗಳ ಜಿಡ್ಡು. ನೀರಿಗೆ ಜಿಡ್ಡಿಲ್ಲ. ನೀರು ಬಂದ ಕಡೆ ಲೋಹಕ್ಕೆ ಲೋಹ ಉಜ್ಜುತ್ತದೆ, ಗಾಡಿ ಎರಡು ದಿನ ನಿಂತರೆ ತುಕ್ಕು ಹಿಡಿಯುತ್ತದೆ. ನೀರು ಡೀಸೆಲ್‌ಗಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಪದರದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ಲೋಳೆ ಕಟ್ಟುತ್ತದೆ. ಮೇಲಿನ ಗಾಡಿಯಲ್ಲಿ ಸಿಕ್ಕ ಕಂದು ಲೋಳೆ ಅದೇ. ಟ್ಯಾಂಕ್ ಅರ್ಧ ಖಾಲಿ ಇಟ್ಟು ರಾತ್ರಿ ನಿಲ್ಲಿಸಿದರೂ ಒಳಗಿನ ಗಾಳಿಯ ತೇವ ತಣ್ಣಗಾಗಿ ಗೋಡೆಗೆ ಹನಿಗಟ್ಟಿ ಕೆಳಗೆ ಇಳಿಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಸಂಜೆಯ ಟ್ರಿಪ್ ಮುಗಿದ ಮೇಲೆ ಟ್ಯಾಂಕ್ ತುಂಬಿಸಿಟ್ಟು ನಿಲ್ಲಿಸುವುದು ಒಳ್ಳೆಯದು. ಬೆಳಗ್ಗೆ ಹಾಕಿದರಾಯಿತು ಎನ್ನಬೇಡಿ.

ಫಿಲ್ಟರ್ ಇದೆಯಲ್ಲ?

ಇದೆ, ಅದೇ ನಿಮ್ಮ ಕಾವಲುಗಾರ. ಡೀಸೆಲ್ ಫಿಲ್ಟರ್ ಕೊಳೆಯನ್ನು ಸೋಸುವುದಲ್ಲದೆ ನೀರನ್ನೂ ತನ್ನ ತಳದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಆ ತಳ ತುಂಬಿದ ಮೇಲೆ ನೀರು ಮುಂದಕ್ಕೆ ದಾಟುತ್ತದೆ. ಅದಕ್ಕೇ ಬಹಳಷ್ಟು ಗಾಡಿಗಳಲ್ಲಿ ಫಿಲ್ಟರಿನ ಕೆಳಗೆ ನೀರು ಬಿಡುವ ತಿರುಪು ಇರುತ್ತದೆ, ಮೀಟರ್ ಬೋರ್ಡಿನಲ್ಲಿ ನೀರು ತುಂಬಿದ್ದನ್ನು ತಿಳಿಸುವ ದೀಪವೂ ಇರುತ್ತದೆ. ಆ ದೀಪ ಹೊತ್ತಿದಾಗ ‘ಇನ್ನೆರಡು ಸಂಘ ಮುಗಿಸಿಬಿಡೋಣ’ ಎಂದು ಓಡಿಸುವುದು ಚಾಲಕರ ಸಾಮಾನ್ಯ ಅಭ್ಯಾಸ. ಹಾಗೆ ಓಡಿಸಿದ ಹತ್ತು ಕಿಲೋಮೀಟರಿಗೆ ಹತ್ತಾರು ಸಾವಿರ ರೂಪಾಯಿ ತೆರಬೇಕಾದೀತು.

ನೀರು ಬಿಡುವುದು ಕಷ್ಟದ ಕೆಲಸವೇನಲ್ಲ. ಎಂಜಿನ್ ಆಫ್ ಮಾಡಿ, ಕೆಳಗೆ ಒಂದು ಗಾಜಿನ ಬಾಟಲಿ ಹಿಡಿದು, ತಿರುಪು ಸಡಿಲಿಸಿ. ನೀರು ಹೋಗಿ ಶುದ್ಧ ಡೀಸೆಲ್ ಬರುವವರೆಗೆ ಬಿಟ್ಟು ಬಿಗಿ ಮಾಡಿ. ಗಾಳಿ ಹೊಕ್ಕಿದ್ದರೆ ಕೈಪಂಪಿನಿಂದ ಪ್ರೈಮ್ ಮಾಡಿ ಸ್ಟಾರ್ಟ್ ಮಾಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮಾಡಿದರೆ ಸಾಕು. ಆ ಬಾಟಲಿಯನ್ನು ಚೆಲ್ಲದೆ ಅರ್ಧ ಗಂಟೆ ಇಟ್ಟು ನೋಡಿ. ತಳದಲ್ಲಿ ನೀರಿನ ಗೆರೆ, ನಡುವೆ ಲೋಳೆ ಕಂಡರೆ ಟ್ಯಾಂಕ್ ಇಳಿಸಿ ತೊಳೆಸುವ ಕಾಲ ಬಂದಿದೆ ಎಂದರ್ಥ.

ಫಿಲ್ಟರ್ ಬದಲಿಸುವ ಅವಧಿ ನಿಮ್ಮ ಗಾಡಿಯ ಪುಸ್ತಕದಲ್ಲಿದೆ. ಮಣ್ಣಿನ ರಸ್ತೆಯಲ್ಲಿ ಧೂಳು ಕುಡಿಯುತ್ತಾ ಓಡುವ ಗಾಡಿಗೆ ಅದಕ್ಕಿಂತ ಮೊದಲೇ ಬದಲಿಸಿ. ಅಗ್ಗದ ನಕಲಿ ಫಿಲ್ಟರ್ ಬೇಡ. ತೂತು ಬಿದ್ದ ಸೋಸುಬಟ್ಟೆಯಲ್ಲಿ ಹಾಲು ಸೋಸಿದಂತಾಗುತ್ತದೆ.

ಡೀಸೆಲ್‌ಗೂ ಒಂದು ಲ್ಯಾಕ್ಟೋಮೀಟರ್ ಇದೆ

ಸಂಘದಲ್ಲಿ ಲ್ಯಾಕ್ಟೋಮೀಟರ್ 28 ತೋರಿಸಿದರೆ ಹಾಲಿನ ಸಾಂದ್ರತೆ 1.028 ಎಂದು ನೀವು ಲೆಕ್ಕ ಹಾಕುತ್ತೀರಿ. ಬಂಕ್‌ನಲ್ಲಿ ಅದೇ ಕೆಲಸ ಮಾಡುವುದು ಹೈಡ್ರೋಮೀಟರ್. ಗಾಜಿನ ಜಾಡಿಯಲ್ಲಿ ಡೀಸೆಲ್ ಹಿಡಿದು, ಹೈಡ್ರೋಮೀಟರ್ ತೇಲಿಬಿಟ್ಟು, ಉಷ್ಣತೆ ನೋಡಿ, ಪಟ್ಟಿಯ ಸಹಾಯದಿಂದ 15 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕುತ್ತಾರೆ. ಕೇಳಿದ ಗ್ರಾಹಕರಿಗೆ ಇದನ್ನು ಮಾಡಿ ತೋರಿಸಬೇಕು, ಅದು ನಿಮ್ಮ ಹಕ್ಕು. ಬಂಕ್‌ನ ಆ ದಿನದ ದಾಖಲೆಯ ಅಂಕಿಗೂ ನಿಮ್ಮೆದುರು ಬಂದ ಅಂಕಿಗೂ ಘನ ಮೀಟರಿಗೆ 3 ಕಿಲೋಗ್ರಾಂಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸಂಶಯಪಡಬೇಕು. ಸೀಮೆಎಣ್ಣೆ ಡೀಸೆಲ್‌ಗಿಂತ ಹಗುರ, ಬೆರೆಸಿದರೆ ಅಂಕಿ ಇಳಿಯುತ್ತದೆ. ಸ್ವಲ್ಪವೇ ಬೆರೆಸಿದ್ದರೆ ಇದರಲ್ಲಿ ಸಿಕ್ಕಿಬೀಳದೆಯೂ ಇರಬಹುದು; ಲ್ಯಾಕ್ಟೋಮೀಟರನ್ನು ಮೋಸ ಮಾಡುವವರ ವಿಷಯ ನಿಮಗೆ ಗೊತ್ತೇ ಇದೆ.

ಕೆಲವು ಹಳೆಯ ಚಾಲಕರು ‘ನಾಜಲ್ ಕ್ಲೀನ್ ಆಗುತ್ತೆ’ ಎಂದು ತಾವೇ ಟ್ಯಾಂಕಿಗೆ ಸೀಮೆಎಣ್ಣೆ ಹಾಕುವುದುಂಟು. ದಯವಿಟ್ಟು ಬಿಡಿ. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಿಎಸ್-6 ಡೀಸೆಲ್ ಬಂದಿದೆ. ಅದರಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ, ಹಿಂದಿನ ಬಿಎಸ್-4ರಲ್ಲಿ 50 ಇತ್ತು. ಗಂಧಕ ತೆಗೆಯುವಾಗ ಡೀಸೆಲ್‌ನ ಸಹಜ ಜಿಡ್ಡೂ ಕಡಿಮೆಯಾಗುವುದರಿಂದ ಜಿಡ್ಡಿನ ಅಂಶವನ್ನು ಬೇರೆಯಾಗಿ ಸೇರಿಸಿರುತ್ತಾರೆ. ಅದಕ್ಕೆ ಸೀಮೆಎಣ್ಣೆ ಸುರಿದರೆ ಪಂಪು ಬೇಗ ಸವೆಯುತ್ತದೆ. ರಸ್ತೆ ಬದಿ ಡ್ರಮ್ಮಿನಲ್ಲಿ ಅಗ್ಗಕ್ಕೆ ಸಿಗುವ ಡೀಸೆಲ್ಲೂ ಬೇಡ. ಬಂಕ್‌ಗೆ ಟ್ಯಾಂಕರ್ ಬಂದು ಇಳಿಸುತ್ತಿದ್ದರೆ ಸ್ವಲ್ಪ ಹೊತ್ತು ಕಳೆದು ಹಾಕಿಸಿ, ನೆಲದೊಳಗಿನ ಟ್ಯಾಂಕಿನ ತಳದ ಕೊಳೆ ಆಗ ಎದ್ದಿರುತ್ತದೆ. ಕೆಲವು ಗಾಡಿಗಳಲ್ಲಿ ಹೊಗೆ ಶುದ್ಧಿಗೆ ಯೂರಿಯಾ ದ್ರವ ಹಾಕುವ ಬೇರೆ ಬಾಯಿ ಇರುತ್ತದೆ, ಸಾಮಾನ್ಯವಾಗಿ ನೀಲಿ ಮುಚ್ಚಳದ್ದು. ಅದನ್ನು ಮರೆತು ಡೀಸೆಲ್ ಟ್ಯಾಂಕಿಗೆ ಸುರಿದರೆ ಗಾಡಿ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ.

ನಮ್ಮ ಗಾಡಿಗಳಿಗೇ ಇರುವ ಇನ್ನೊಂದು ತೊಂದರೆ

ಹಾಲಿನ ಗಾಡಿ ಎರಡು ಕಿಲೋಮೀಟರಿಗೊಮ್ಮೆ ನಿಲ್ಲುತ್ತದೆ. ಕ್ಯಾನು ಏರಿಸಿ, ಚೀಟಿ ಪಡೆಯುವವರೆಗೆ ಎಂಜಿನ್ ಸುಮ್ಮನೆ ಗುರುಗುಡುತ್ತಿರುತ್ತದೆ. ಹಾಗೆ ನಿಂತು ಓಡುವ ಎಂಜಿನ್ ಸರಿಯಾಗಿ ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯದೆ ನಾಜಲ್ ತುದಿಯಲ್ಲಿ ಇಂಗಾಲ ಕಟ್ಟುತ್ತದೆ. ಹೊಗೆಕೊಳವೆಯಲ್ಲಿ ಮಸಿ ಸೋಸುವ ಡಿಪಿಎಫ್ ಇದ್ದರೆ ಅದೂ ತುಂಬುತ್ತದೆ. ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವ ಕಡೆ ಎಂಜಿನ್ ಆಫ್ ಮಾಡಿ. ಡೇರಿಯಿಂದ ಖಾಲಿ ಕ್ಯಾನು ತರುವಾಗ ಒಳ್ಳೆಯ ರಸ್ತೆ ಸಿಕ್ಕ ಕಡೆ ಹದಿನೈದು–ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ. ಈ ಇಂಗಾಲಕ್ಕೆ ಅಂಗಡಿಯ ಕ್ಲೀನರ್ ಬಾಟಲಿ ತಕ್ಕಮಟ್ಟಿಗೆ ಕೆಲಸ ಮಾಡೀತು. ನೀರು, ಮರಳು, ತುಕ್ಕಿಗೆ ಯಾವ ಬಾಟಲಿಯೂ ಇಲ್ಲ.

ಗ್ಯಾರೇಜಿನಲ್ಲಿ ಏನು ಕೇಳಬೇಕು

ಬೆಳಗಿನ ಸ್ಟಾರ್ಟ್ ತಡ, ಕಪ್ಪು ಅಥವಾ ಬಿಳಿ ಹೊಗೆ, ಟಕಟಕ ಸದ್ದು, ಏರಿನಲ್ಲಿ ಎಳೆತ ಕಡಿಮೆ, ಮೈಲೇಜ್ ಇಳಿತ, ಇವೆಲ್ಲ ನಾಜಲ್ ತೊಂದರೆಯ ಲಕ್ಷಣ ನಿಜ. ಆದರೆ ಫಿಲ್ಟರ್ ಕಟ್ಟಿದರೂ ಏರಿನಲ್ಲಿ ಎಳೆತ ಕಡಿಮೆಯಾಗುತ್ತದೆ. ಆದ್ದರಿಂದ ಇಂಜೆಕ್ಟರ್ ಬಿಚ್ಚುವ ಮೊದಲು ಹಳೆಯ ಫಿಲ್ಟರನ್ನು ನಿಮ್ಮೆದುರೇ ಕತ್ತರಿಸಿ ತೋರಿಸಲು ಹೇಳಿ. ಇಡೀ ರಿಪೇರಿಯಲ್ಲಿ ಇದಕ್ಕಿಂತ ಹೆಚ್ಚು ಮಾತಾಡುವ ವಸ್ತು ಇನ್ನೊಂದಿಲ್ಲ. ಕಾಗದದ ಮೇಲೆ ಲೋಳೆ ಇದ್ದರೆ ಟ್ಯಾಂಕಿನಲ್ಲಿ ನೀರಿದೆ. ಕೆಂಪು ಪುಡಿ ಇದ್ದರೆ ತುಕ್ಕು. ಟ್ಯಾಂಕು, ಕೊಳವೆ ಅಥವಾ ನಿಮ್ಮ ಡ್ರಮ್ಮು ನೋಡಿ. ಫಿಲ್ಟರಿನ ಮುಂದಿನ ಕಡೆ, ಪಂಪಿನ ಬಾಯಲ್ಲಿ ಅಥವಾ ರೈಲಿನಲ್ಲಿ ಬೆಳ್ಳಿಯಂತೆ ಹೊಳೆಯುವ ಪುಡಿ ಕಂಡರೆ ಅಧಿಕ ಒತ್ತಡದ ಪಂಪೇ ಒಳಗೆ ಸವೆಯುತ್ತಿದೆ. ಆಗ ಇಂಜೆಕ್ಟರ್ ತೊಳೆಸಿದರೂ ಹೊಸದು ಹಾಕಿದರೂ ವ್ಯರ್ಥ. ಪಂಪು ಸರಿಪಡಿಸಿ, ರೈಲು, ಕೊಳವೆ, ಟ್ಯಾಂಕ್ ಎಲ್ಲ ತೊಳೆದ ಮೇಲೆಯೇ ಇಂಜೆಕ್ಟರ್.

ಯಾವ ಇಂಜೆಕ್ಟರ್ ಕೆಟ್ಟಿದೆ ಎಂದು ತಿಳಿಯಲು ಪ್ರತಿಯೊಂದರ ವಾಪಸು ಕೊಳವೆಗೆ ಸಣ್ಣ ಬಾಟಲಿ ಸಿಕ್ಕಿಸಿ ಎಂಜಿನ್ ಓಡಿಸುತ್ತಾರೆ. ಉಳಿದವುಗಳಿಗಿಂತ ಬಹಳ ಬೇಗ ತುಂಬುವ ಬಾಟಲಿಯದ್ದು ಸವೆದಿರುತ್ತದೆ. ನಾಲ್ಕನ್ನೂ ಬದಲಿಸಿ ಎನ್ನುವ ಮೊದಲು ಈ ಪರೀಕ್ಷೆ ಮಾಡಿಸಿ. ತೊಳೆಯುವುದಾದರೆ ಟೆಸ್ಟ್ ಬೆಂಚ್ ಇರುವ ಡೀಸೆಲ್ ಪಂಪ್ ಅಂಗಡಿಯಲ್ಲೇ ಆಗಲಿ. ತಂತಿಯಿಂದ ತೂತು ಚುಚ್ಚುವವರ ಕೈಗೆ ಕೊಡಬೇಡಿ, ತೂತು ದೊಡ್ಡದಾದರೆ ನಾಜಲ್ ಕಥೆ ಮುಗಿಯಿತು. ಮತ್ತೆ ಕೂರಿಸುವಾಗ ತಾಮ್ರದ ವಾಷರ್ ಹೊಸದಿರಲಿ. ಹೊಸ ಇಂಜೆಕ್ಟರ್ ಹಾಕಿದರೆ ಅದರ ಮೇಲಿನ ಕೋಡ್ ಸಂಖ್ಯೆಯನ್ನು ಗಾಡಿಯ ಕಂಪ್ಯೂಟರಿಗೆ ದಾಖಲಿಸಬೇಕಾದ ಮಾದರಿಗಳಿವೆ. ಅದನ್ನು ಮಾಡದೆ ಕೊಟ್ಟರೆ ಹೊಸ ಇಂಜೆಕ್ಟರ್ ಇದ್ದೂ ಸದ್ದು, ಹೊಗೆ ಹೋಗುವುದಿಲ್ಲ.

ಒಂದು ಎಚ್ಚರಿಕೆ. ಹಳೆಯ ಎಂಜಿನ್‌ಗಳಲ್ಲಿ ಓಡುತ್ತಿರುವಾಗಲೇ ನಾಜಲ್ ಪೈಪಿನ ನಟ್ ಸಡಿಲಿಸಿ ಯಾವುದು ಮಿಸ್ ಹೊಡೆಯುತ್ತಿದೆ ಎಂದು ನೋಡುತ್ತಿದ್ದರು. ಕಾಮನ್ ರೈಲ್‌ನಲ್ಲಿ ಹಾಗೆ ಎಂದಿಗೂ ಮಾಡಬೇಡಿ, ಸೋರುವ ಜಾಗಕ್ಕೆ ಬೆರಳನ್ನೂ ಇಡಬೇಡಿ. ಆ ಒತ್ತಡದ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಸಣ್ಣ ಚುಕ್ಕೆಯಷ್ಟೇ ಕಂಡರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಹೇಳಿ. ತಡವಾದರೆ ಬೆರಳು ಉಳಿಯುವುದು ಕಷ್ಟ.

ಕಾರ್ಯದರ್ಶಿಗಳಿಗೆ

ಬಿಎಂಸಿ ಇರುವ ಸಂಘದ ಜನರೇಟರ್‌ಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಕರೆಂಟ್ ಸರಿಯಾಗಿದ್ದರೆ ಅದೇ ಡೀಸೆಲ್ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಕೂತಿರುತ್ತದೆ. ಕರೆಂಟ್ ಹೋದ ದಿನ ಜನರೇಟರ್ ಕೆಮ್ಮಿ ನಿಂತರೆ ಬಿಎಂಸಿಯಲ್ಲಿರುವ ಅಷ್ಟೂ ಹಾಲಿನ ಗತಿ ಯೋಚಿಸಿ. ಹೆಚ್ಚು ಡೀಸೆಲ್ ಕೂಡಿಡಬೇಡಿ, ಹಳೆಯದನ್ನು ಮೊದಲು ಬಳಸಿ, ವಾರಕ್ಕೊಮ್ಮೆ ಲೋಡ್ ಕೊಟ್ಟು ಓಡಿಸಿ. ಕ್ಯಾನಿಗೆ ಗಟ್ಟಿ ಮುಚ್ಚಳ, ನೆರಳಿನ ಜಾಗ, ಜಾಲರಿ ಇರುವ ಆಲಿಕೆ ಇರಲಿ. ಸುರಿಯುವಾಗ ತಳದ ಅರ್ಧ ಲೀಟರ್ ಕ್ಯಾನಿನಲ್ಲೇ ಬಿಟ್ಟು ಬೇರೆ ತೆಗೆದಿಡಿ. ಮೇಲೆ ಹೇಳಿದ ಪಿಕಪ್ ಮಾಲೀಕರು ಈಗ ಆ ಅರ್ಧ ಲೀಟರನ್ನು ಒಂದು ಗಾಜಿನ ಬಾಟಲಿಗೆ ಹಾಕಿ ಕೊಟ್ಟಿಗೆಯ ಕಿಟಕಿಯಲ್ಲಿ ಇಡುತ್ತಾರೆ, ನೀರಿನ ಗೆರೆ ಕಂಡ ವಾರ ಬಂಕ್ ಬದಲಿಸುತ್ತಾರೆ.