ಅಂಕಿತದಿಂದ ಫೀಚರಿಂಗ್‌ವರೆಗೆ

ಕಳೆದ ಫೆಸ್ಟ್‌ನಲ್ಲಿ ನಮ್ಮ ಬ್ಯಾಂಡ್ 'ಕೃಷ್ಣಾ ನೀ ಬೇಗನೆ ಬಾರೋ' ಹಾಡಿತ್ತು. ನನ್ನ ಗಿಟಾರ್, ಕುಷ್ಟಗಿ ಗೆಳೆಯನ ರ‍್ಯಾಪ್, ಯಲಬುರ್ಗಾದಿಂದ ಬಸ್ ಹತ್ತಿ ಬಂದಿದ್ದ ಹುಡುಗನ ತಬಲಾ. ವಿಡಿಯೋ ಅಪ್‌ಲೋಡ್ ಮಾಡುವಾಗ ಟೈಟಲ್‌ನಲ್ಲಿ ಬ್ಯಾಂಡ್ ಹೆಸರು, ಪಕ್ಕದಲ್ಲಿ 'ಫೀಚರಿಂಗ್' ಅಂತ ರ‍್ಯಾಪರ್ ಹೆಸರು ಹಾಕಿದೆ. ಗಂಗಾವತಿಯಲ್ಲಿ ಅಜ್ಜಿಗೆ ತೋರಿಸಿದರೆ ಅವರು ಅಂದದ್ದು ಒಂದೇ ಮಾತು: "ಅಲ್ಲೋ, ಇದರಾಗ ವ್ಯಾಸರಾಯರ ಹೆಸರೇ ಇಲ್ಲಲ್ಲೋ!"

ಗಂಗಾವತಿಯಿಂದ ಆನೆಗುಂದಿ ದೂರವಿಲ್ಲ. ಅಲ್ಲಿ ತುಂಗಭದ್ರೆಯ ನಡುಗಡ್ಡೆ ನವಬೃಂದಾವನದಲ್ಲಿ, 1539ರಲ್ಲಿ ತೀರಿಕೊಂಡ ವ್ಯಾಸರಾಯರ ಬೃಂದಾವನವಿದೆ. ಅವರ ಕಾಲದಲ್ಲಿ ಕ್ಯಾಸೆಟ್ ಕವರ್ ಎಲ್ಲಿತ್ತು? ಹಾಗಾಗಿ ಗುರುತನ್ನು ಹಾಡಿನೊಳಗೇ ಇಡ್ತಿದ್ರು. ಅದೇ ಅಂಕಿತ. ಬಸವಣ್ಣನವರಿಗೆ ಕೂಡಲಸಂಗಮದೇವ, ಪುರಂದರದಾಸರಿಗೆ ಪುರಂದರವಿಠಲ, ವ್ಯಾಸರಾಯರಿಗೆ ಶ್ರೀಕೃಷ್ಣ. ಅದು ಸ್ವಂತ ಹೆಸರಲ್ಲ, ದೇವರ ಹೆಸರು. ಆದರೂ ಬಲ್ಲವರಿಗೆ ಯಾರ ಹಾಡು ಅಂತ ಗೊತ್ತಾಗುತ್ತೆ. ಅಂಕಿತ ಹೋಗಬೇಕಂದ್ರೆ ಕೊನೆ ಚರಣವನ್ನೇ ಬಿಡಬೇಕು. (ರ‍್ಯಾಪ್‌ಗೆ ಟೈಮ್ ಸಾಲದು ಅಂತ ನಾವು ಬಿಟ್ಟಿದ್ದು ಅದನ್ನೇ!)

ಆಮೇಲೆ ಹೆಸರು ಹಾಡಿನಿಂದ ಹೊರಗೆ ಬಂತು. ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಮೊದಲು ಸಾಹಿತ್ಯ, ಸಂಗೀತ, ಗಾಯನ ಯಾರದು ಅಂತ ಹೇಳ್ತಾರೆ. ಹಿಂದೂಸ್ತಾನಿ ಜುಗಲ್‌ಬಂದಿಯಲ್ಲಿ ಇಬ್ಬರ ಹೆಸರೂ ಸಮ, ಸಾಥಿದಾರರದು ಸಣ್ಣ ಅಕ್ಷರದಲ್ಲಿ. ಹರಿಹರನ್ ಮತ್ತು ಲೆಸ್ಲಿ ಲೂಯಿಸ್ 1996ರಲ್ಲಿ ಇದೇ ದೇವರನಾಮವನ್ನು ಪಾಪ್‌ಗೆ ಬೆರೆಸಿ 'ಕೃಷ್ಣ' ಮಾಡಿದಾಗ, ಇಬ್ಬರೂ 'ಕಲೋನಿಯಲ್ ಕಸಿನ್ಸ್' ಅನ್ನೋ ಒಂದೇ ಹೆಸರಿನಡಿ ಬಂದ್ರು. ಈಗಿನ ರ‍್ಯಾಪ್, ಪಾಪ್‌ನಲ್ಲಿ 'ಫೀಚರಿಂಗ್'ದೇ ಕಾರುಬಾರು. ಅದರ ಅರ್ಥವೂ ವಿಚಿತ್ರ: ಸಂಟಾನಾ ಅವರ 1999ರ 'ಸ್ಮೂತ್' ಹಾಡನ್ನು ಪೂರ್ತಿ ಹಾಡಿದ್ದು, ಜೊತೆ ಸೇರಿ ಬರೆದಿದ್ದು ರಾಬ್ ಥಾಮಸ್. ಆದ್ರೂ ಟೈಟಲ್‌ನಲ್ಲಿ ಅವರು ಬರೀ 'ಫೀಚರಿಂಗ್'!

ಆ್ಯಪ್‌ಗಳಲ್ಲಿ ಮುಖ್ಯ ಕಲಾವಿದ ಮತ್ತು ಫೀಚರಿಂಗ್ ಕಲಾವಿದರ ಹೆಸರು ಹಾಡಿನ ಜೊತೆಗೇ ಕಾಣುತ್ತೆ. ಬರೆದವರು, ನುಡಿಸಿದವರು ಬೇರೆ ಬಾಕ್ಸ್‌ನಲ್ಲಿ. 'ಕ್ರೆಡಿಟ್ಸ್' ಒತ್ತಿದರೆ ಸಿಗಬಹುದು, ಅಪ್‌ಲೋಡ್ ಮಾಡಿದವರು ತುಂಬಿದ್ದರೆ. ಕೋಡ್‌ಗಳೂ ಬೇರೆ: ರೆಕಾರ್ಡಿಂಗ್‌ಗೆ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ, ಕೃತಿಗೆ ಐಎಸ್‌ಡಬ್ಲ್ಯುಸಿ. ಒಂದೇ ದೇವರನಾಮವನ್ನು ಹತ್ತು ಜನ ಹಾಡಿದ್ರೆ ಹತ್ತು ಐಎಸ್‌ಆರ್‌ಸಿ.

ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡು 60 ವರ್ಷವಾದ ಮೇಲೆ ಹಾಡು ಎಲ್ಲರದು. ವ್ಯಾಸರಾಯರ ಹಾಡಿಗೆ ಯಾರ ಪರ್ಮಿಷನ್ನೂ ಬೇಡ. ತಬಲಾ ಹುಡುಗನ ವಿಷಯ ಹಾಗಲ್ಲ. 2012ರ ತಿದ್ದುಪಡಿ ನಂತರ, ನುಡಿಸಿದ್ದು ನಾನು ಅಂತ ಗುರುತಿಸಿಕೊಳ್ಳೋ ಹಕ್ಕು ಕಲಾವಿದರಿಗಿದೆ. ನಾನು ಅವನ ಹೆಸರನ್ನೂ ಎಲ್ಲೂ ಹಾಕಿರಲಿಲ್ಲ. ಹಾಗೆ ನೋಡಿದ್ರೆ ಅಂಕಿತದಲ್ಲೂ ತಾಳ ಹಾಕಿದವರಿಗೆ ಜಾಗ ಇಲ್ಲ. ಲಿಂಕ್ ಕಳಿಸಿದಾಗ ಅವನು ಒಂದು ಥಮ್ಸ್ ಅಪ್ ಹಾಕಿ ಸುಮ್ಮನಾದ. ವಿಡಿಯೋ ನೋಡಿ ಯಾರಾದರೂ ಅವನನ್ನು ಕಾರ್ಯಕ್ರಮಕ್ಕೆ ಕರೀಬೇಕಂದ್ರೆ ಹುಡುಕೋದು ಹೇಗೆ?

ಈಗ ಟೈಟಲ್‌ನಲ್ಲೇ ಅವನ ಹೆಸರಿದೆ, ಕೆಳಗಿನ ಮೊದಲ ಸಾಲಲ್ಲಿ ವ್ಯಾಸರಾಯರದು. ಕೊನೆ ಚರಣ ಮಾತ್ರ ಇನ್ನೂ ರೆಕಾರ್ಡ್ ಆಗಿಲ್ಲ.