ಹಗುರ ಗುಂಡಿನ ಭಾರವಾದ ಲೆಕ್ಕ

‘ಗುಂಡು’ ಎಂದ ಕೂಡಲೇ ನಮ್ಮವರಲ್ಲಿ ಹಲವರಿಗೆ ಶನಿವಾರದ ಸಂಜೆ ನೆನಪಾಗುತ್ತದೆ. ಈ ಲೇಖನ ಆ ಗುಂಡಿನದ್ದಲ್ಲ, ಕೋವಿಯ ಗುಂಡಿನದ್ದು. ಅದರಲ್ಲೂ ತಾಮ್ರದ ಹೊದಿಕೆ ಹಾಕಿಸಿಕೊಂಡು ಕಾರ್ಖಾನೆಯಿಂದ ಬರುವ ಗುಂಡಲ್ಲ. ಸೀಸ ಕರಗಿಸಿ ಅಚ್ಚಿಗೆ ಹೊಯ್ದು ಮಾಡುವ ಗುಂಡು.

ನಾನು ಮೆಕ್ಯಾನಿಕಲ್‌ನಲ್ಲಿ ಎಂ.ಟೆಕ್ ಮುಗಿಸಿ, ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಹಿಡಿದು ಪುಣೆ ಸೇರಿದವನು. ಪ್ರಾಜೆಕ್ಟ್ ಮೇಲೆ ಅಮೆರಿಕದ ಅರಿಜೋನಾದಲ್ಲಿ ಎರಡು ವರ್ಷ ಇದ್ದಾಗ ಈ ವಿಷಯ ತಲೆಗೆ ಹೊಕ್ಕಿತು. ಮರೆತುಹೋಗಿದ್ದ ಮೆಕ್ಯಾನಿಕಲ್ ಮತ್ತೆ ಕೈ ಹಿಡಿದ ಖುಷಿಯೂ ಅದರಲ್ಲಿತ್ತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ಇದು ಗ್ಯಾರೇಜಿನ ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಹಾಗಾಗಿ ಓದಿ ಆನಂದಿಸಿ, ಒಲೆ ಹಚ್ಚಬೇಡಿ.

ಎರಡು ಕೋವಿ, ಒಂದೇ ತೋಟಾ

1873ರಲ್ಲಿ ವಿಂಚೆಸ್ಟರ್ ಕಂಪನಿ ಒಂದು ಲಿವರ್-ಆಕ್ಷನ್ ರೈಫಲ್ ಹೊರತಂದಿತು. ಹಿಡಿಯ ಕೆಳಗಿನ ಲಿವರನ್ನು ಒಮ್ಮೆ ಮುಂದೂಡಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ, ಹೊಸದು ಒಳಗೆ. ಅದರ .44-40 ತೋಟಾದ ಗುಂಡು 200 ಗ್ರೇನ್, ಅಂದರೆ ಸುಮಾರು 13 ಗ್ರಾಂ. (ಒಂದು ಗ್ರಾಮಿಗೆ ಹದಿನೈದೂವರೆ ಗ್ರೇನ್ ಎಂದು ಲೆಕ್ಕ ಇಟ್ಟುಕೊಳ್ಳಿ.) ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪನಿ ಅದೇ ತೋಟಾ ಹಿಡಿಯುವ ರಿವಾಲ್ವರ್ ಮಾಡಿತು. ಕುದುರೆ ಮೇಲೆ ದಿನಗಟ್ಟಲೆ ಅಲೆಯುವವನಿಗೆ ಸೊಂಟದ ಪಟ್ಟಿಯಲ್ಲಿ ಒಂದೇ ಬಗೆಯ ತೋಟಾ ಇದ್ದರೆ ಸಾಕಾಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದೇ ಕೋಡ್, ಎರಡು ಪ್ಲಾಟ್‌ಫಾರ್ಮ್. ಅನುಕೂಲ ಬಳಸುವವನಿಗೆ, ತಲೆನೋವು ವಿನ್ಯಾಸ ಮಾಡುವವನಿಗೆ.

ಈ ತಲೆನೋವು ಇವತ್ತಿಗೂ ಜೀವಂತವಾಗಿರುವುದು ‘ಕೌಬಾಯ್ ಆಕ್ಷನ್ ಶೂಟಿಂಗ್’ ಎಂಬ ಸ್ಪರ್ಧೆಯಿಂದ. ಆ ಕಾಲದ ಟೋಪಿ, ಬೂಟು, ಒಂದು ಅಡ್ಡಹೆಸರು, ಎರಡು ರಿವಾಲ್ವರ್, ಒಂದು ಲಿವರ್ ರೈಫಲ್, ಒಂದು ಶಾಟ್‌ಗನ್. ಹತ್ತಿರದಲ್ಲೇ ನಿಲ್ಲಿಸಿದ ಉಕ್ಕಿನ ತಟ್ಟೆಗಳಿಗೆ ಗಡಿಯಾರ ಹಿಡಿದು ಹೊಡೆಯಬೇಕು. ಗುಂಡು ಸೀಸದ್ದೇ ಆಗಿರಬೇಕು. ನಿಯಮದಲ್ಲಿ ಒಂದು ಕನಿಷ್ಠ ಮಿತಿಯೂ ಇದೆ: ಗುಂಡಿನ ತೂಕವನ್ನು (ಗ್ರೇನ್) ವೇಗದಿಂದ (ಸೆಕೆಂಡಿಗೆ ಅಡಿ) ಗುಣಿಸಿ ಸಾವಿರದಿಂದ ಭಾಗಿಸಿದರೆ 60ಕ್ಕಿಂತ ಕಡಿಮೆ ಬರಬಾರದು.

.38 ಸ್ಪೆಷಲ್ ತೋಟಾದ ಮಾಮೂಲಿ ಗುಂಡು 158 ಗ್ರೇನ್. ಅದು ಸೆಕೆಂಡಿಗೆ 750 ಅಡಿ ಹೋದರೆ ಉತ್ತರ 118. ಬದಲಿಗೆ 105 ಗ್ರೇನ್ ಗುಂಡು 600 ಅಡಿ ಹೋದರೆ 63. ನಿಯಮ ಮುರಿಯಲಿಲ್ಲ, ಕೈಗೆ ಬೀಳುವ ಒದೆತ ಮಾತ್ರ ಸುಮಾರು ಅರ್ಧಕ್ಕೆ ಇಳಿಯಿತು. ಗೆಲ್ಲಲು ಹೊರಟ ಹುಡುಗರಿಗೆ ಇದು ಸೆಕೆಂಡುಗಳ ಪ್ರಶ್ನೆ. ಆದರೆ ನನಗೆ ಈ ಲೆಕ್ಕ ಹೇಳಿಕೊಟ್ಟ ಹಿರಿಯರಿಗೆ ಎಪ್ಪತ್ತು ದಾಟಿತ್ತು, ಮಣಿಕಟ್ಟಿನಲ್ಲಿ ಸಂಧಿವಾತ. ಅವರ ಮಟ್ಟಿಗೆ ಹಗುರ ಗುಂಡು ಎಂದರೆ ಭಾನುವಾರದ ಗೆಳೆಯರ ಗುಂಪಿನಲ್ಲಿ ಇನ್ನೂ ಕೆಲವು ವರ್ಷ ಉಳಿಯುವ ದಾರಿ. ಕೋವಿ ಕೆಳಗಿಟ್ಟರೆ ಆ ಬಳಗವೂ ತಪ್ಪುತ್ತದೆ ಎಂಬ ಅಳುಕು ಅವರಿಗಿತ್ತು.

ಮೂರು ಮಿಲಿಮೀಟರ್ ಎಲ್ಲಿಂದ ತೆಗೆಯುವುದು?

ಲೆಕ್ಕ ಸುಲಭ ಅನ್ನಿಸುತ್ತದೆ. .38ರ ಎರಕದ ಗುಂಡಿನ ವ್ಯಾಸ ಸುಮಾರು 9.1 ಮಿಲಿಮೀಟರ್. ಆ ದಪ್ಪದ ಸೀಸದ ಕಡ್ಡಿ ಪ್ರತಿ ಮಿಲಿಮೀಟರಿಗೆ ಹನ್ನೊಂದು ಗ್ರೇನಿಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. 158ರಿಂದ 125 ಗ್ರೇನಿಗೆ ಇಳಿಯಬೇಕಾದರೆ ಮೂರು ಮಿಲಿಮೀಟರ್ ಕಡಿಮೆ ಮಾಡಿದರಾಯಿತು. ಆದರೆ ಎಲ್ಲಿಂದ?

ಗುಂಡು ಗಿಡ್ಡವಾದರೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ, ಅದಕ್ಕೇ ಗುರಿ ತಪ್ಪುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜ ಉಲ್ಟಾ. 1879ರಲ್ಲಿ ಇಂಗ್ಲೆಂಡಿನ ವುಲಿಚ್‌ನಲ್ಲಿ ಗಣಿತ ಕಲಿಸುತ್ತಿದ್ದ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ ಒಂದು ಸರಳ ಸೂತ್ರ ಕೊಟ್ಟರು: ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿ, ಎಲ್ಲವೂ ಇಂಚಿನಲ್ಲಿ. ಎಷ್ಟು ಇಂಚಿಗೆ ಒಂದು ಸುತ್ತು ತಿರುಗಿದರೆ ಗುಂಡು ಬುಗುರಿಯಂತೆ ನೆಟ್ಟಗೆ ನಿಲ್ಲುತ್ತದೆ ಎಂಬುದು ಉತ್ತರ. .38 ಗುಂಡು ಮುಕ್ಕಾಲು ಇಂಚು ಉದ್ದವಿದ್ದರೆ ಸುಮಾರು 25 ಇಂಚಿಗೆ ಒಂದು ಸುತ್ತು ಸಾಕು. ಗಿಡ್ಡವಾದಷ್ಟೂ ಇನ್ನೂ ನಿಧಾನ ಸುತ್ತು ನಡೆಯುತ್ತದೆ. ಸ್ಮಿತ್ ಆ್ಯಂಡ್ ವೆಸನ್ ರಿವಾಲ್ವರ್‌ಗಳ ನಳಿಗೆ 18.75 ಇಂಚಿಗೆ, ಮಾರ್ಲಿನ್ 1894 ರೈಫಲ್‌ನದು 16 ಇಂಚಿಗೆ ಒಂದು ಸುತ್ತು ಕೊಡುತ್ತವೆ. ಬೇಕಾದ್ದಕ್ಕಿಂತ ಹೆಚ್ಚೇ.

ತೊಂದರೆ ಇರುವುದು ಗಾಳಿಯಲ್ಲಲ್ಲ, ಅದಕ್ಕೂ ಮೊದಲಿನ ಕೆಲವು ಇಂಚುಗಳಲ್ಲಿ. ರಿವಾಲ್ವರ್‌ನ ಗುಂಡು ಹಿತ್ತಾಳೆಯ ಕೇಸ್ ಬಿಟ್ಟು, ಸಿಲಿಂಡರಿನ ಬಾಯಿ ದಾಟಿ, ಒಂದು ಸಣ್ಣ ಸಂದು ಹಾರಿ, ನಳಿಗೆಯ ಲಾಳಿಕೆಯಂಥ ಬಾಯಿಗೆ ನುಗ್ಗಬೇಕು. .357 ಮ್ಯಾಗ್ನಮ್ ರಿವಾಲ್ವರಿನಲ್ಲಿ .38 ಸ್ಪೆಷಲ್ ಹಾಕಿದರೆ ಕೇಸ್ ಗಿಡ್ಡವಾದ್ದರಿಂದ ಈ ನೆಗೆತ ಇನ್ನೂ 3.4 ಮಿಲಿಮೀಟರ್ ಹೆಚ್ಚು. ಉದ್ದ ಮೈಯ ಗುಂಡು ಹಿಂದಿನ ಆಸರೆ ಬಿಡುವ ಮೊದಲೇ ಮುಂದಿನದನ್ನು ಹಿಡಿಯುತ್ತದೆ. ಮೈಯೇ ಇಲ್ಲದ ಗಿಡ್ಡ ಗುಂಡು ನಡುವೆ ಸ್ವಲ್ಪ ವಾಲಿ, ವಾಲಿದಂತೆಯೇ ನಳಿಗೆಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ತಿರುಗಿದರೂ ಆ ಸೊಟ್ಟು ಸೊಟ್ಟೇ.

ಮುಟ್ಟಬಾರದ ಜಾಗಗಳು

ಆದ್ದರಿಂದ ಮೊದಲ ನಿಯಮ: ನಳಿಗೆಯನ್ನು ಹಿಡಿಯುವ ಪಟ್ಟಿಗಳು ಮೈಯ ಎರಡು ತುದಿಯಲ್ಲೂ ಉಳಿಯಬೇಕು. ತೂಕವನ್ನು ಅವುಗಳ ನಡುವಿನಿಂದ ತೆಗೆಯಬೇಕು. ಜಿಡ್ಡು ತುಂಬುವ ಗಾಡಿಯನ್ನು ಅಗಲ ಮಾಡಿದರೆ ಸೀಸ ಕಡಿಮೆಯಾಗುತ್ತದೆ, ಜಿಡ್ಡಿಗೆ ಜಾಗವೂ ಸಿಗುತ್ತದೆ.

ಎರಡನೆಯದು, ತಳ. ಗುಂಡು ನಳಿಗೆ ಬಿಡುವಾಗ ಕೊನೆಗೆ ಹೊರಬರುವುದು ತಳ. ಬಿಸಿ ಅನಿಲ ಅದರ ಸುತ್ತಲಿಂದ ನುಗ್ಗುತ್ತದೆ. ಒಂದು ಅಂಚು ಮೊಂಡಾಗಿದ್ದರೂ ಅನಿಲ ಆ ಕಡೆಯಿಂದ ಮೊದಲು ಹೊರಬಿದ್ದು ಗುಂಡನ್ನು ಓರೆಯಾಗಿ ತಳ್ಳುತ್ತದೆ. ಮೂತಿಯ ಮೇಲೆ ಚಿಕ್ಕ ಗೀರಿದ್ದರೆ ಕ್ಷಮೆ ಇದೆ, ತಳಕ್ಕಿಲ್ಲ.

ಮೂರನೆಯದು ಪ್ರಾಣದ ವಿಷಯ. ಈ ರೈಫಲ್‌ಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ರೈಲು ಬೋಗಿಗಳಂತೆ ಸಾಲಾಗಿ ಕೂರುತ್ತವೆ. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಪ್ರೈಮರ್‌ಗೆ ಒತ್ತಿರುತ್ತದೆ. ಮೂತಿ ಚೂಪಾಗಿದ್ದರೆ, ಒಂದು ಒದೆತಕ್ಕೆ ಕೊಳವೆಯೊಳಗೇ ತೋಟಾ ಸಿಡಿಯಬಹುದು. ಆ ಕೊಳವೆಯ ಪಕ್ಕದಲ್ಲೇ ನಮ್ಮ ಎಡಗೈ ಇರುತ್ತದೆ. ಹಾಗಾಗಿ ಹಗುರವಾಗಿಸಲು ಮೂತಿಯನ್ನು ಶಂಕುವಿನಂತೆ ಇಳಿಸಬಹುದು, ಆದರೆ ತುದಿ ಚಪ್ಪಟೆಯಾಗಿಯೇ ಇರಬೇಕು.

ನಾಲ್ಕನೆಯದು, ತೋಟಾದ ಒಟ್ಟು ಉದ್ದ. 1873ರ ರೈಫಲ್ಲಿನೊಳಗೆ ತೋಟಾವನ್ನು ಮೇಲೆತ್ತುವ ಹಿತ್ತಾಳೆಯ ಪೆಟ್ಟಿಗೆ ಇದೆ. ತೋಟಾ ಗಿಡ್ಡವಾದರೆ ಕೊಳವೆಯಲ್ಲಿ ಕಾದಿರುವ ತೋಟಾದ ಅಂಚು ಅದರೊಳಗೆ ಇಣುಕಿ, ಪೆಟ್ಟಿಗೆ ಮೇಲೇಳದೆ ಸಿಕ್ಕಿಬೀಳುತ್ತದೆ. ಅಂದರೆ ಕೇಸಿನಿಂದ ಹೊರಗೆ ಕಾಣುವ ಮೂತಿಯ ಉದ್ದಕ್ಕೆ ಕೈ ಹಚ್ಚುವಂತಿಲ್ಲ. ಕಡಿತವೆಲ್ಲ ಕೇಸಿನೊಳಗೆ ಕೂರುವ ಭಾಗದಲ್ಲಿ ಆಗಬೇಕು. ರಿವಾಲ್ವರ್ ಪ್ರಿಯರು ಮೆಚ್ಚುವ, ಚೂಪು ಭುಜವಿರುವ ‘ಸೆಮಿ-ವಾಡ್‌ಕಟರ್’ ಆಕಾರವೂ ಇಲ್ಲಿ ಕೈಕೊಡಬಹುದು. ಆ ಭುಜ ರೈಫಲ್ಲಿನ ಕೋಣೆಯ ಅಂಚಿಗೆ ತಾಗಿ ನಿಲ್ಲುತ್ತದೆ.

ಈ ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮೂರು ಮಿಲಿಮೀಟರಿಗೆ ಉಳಿಯುವ ಜಾಗ ಬಹಳ ಕಡಿಮೆ. ಅದನ್ನು ಹುಡುಕುವುದೇ ವಿನ್ಯಾಸ. 125 ಗ್ರೇನಿನಲ್ಲಿ ಇದು ಆರಾಮಾಗಿ ಹೊಂದುತ್ತದೆ. 105ಕ್ಕೆ ಇಳಿದರೆ ಯಾವುದಾದರೊಂದರಲ್ಲಿ ರಾಜಿಯಾಗಲೇಬೇಕು. ಹತ್ತಿರದ ಉಕ್ಕಿನ ತಟ್ಟೆಗೆ ಆ ರಾಜಿ ನಡೆಯುತ್ತದೆ. ಐವತ್ತು ಗಜದಾಚೆ ಬಯಲಾಗುತ್ತದೆ.

ಅಚ್ಚುಮೊಳೆಯ ನಂಟು

ಬರಿಯ ಸೀಸ ಮೆತ್ತಗೆ, ಆರುವಾಗ ಕುಗ್ಗುತ್ತದೆ. ತವರ ಬೆರೆಸಿದರೆ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ, ಆಂಟಿಮೊನಿ ಗಟ್ಟಿತನ ಕೊಟ್ಟು ಕುಗ್ಗುವುದನ್ನು ತಡೆಯುತ್ತದೆ. ಹವ್ಯಾಸಿಗಳ ಹಳೆಯ ಮಿಶ್ರಣವೊಂದರಲ್ಲಿ 90 ಪಾಲು ಸೀಸ, 5 ತವರ, 5 ಆಂಟಿಮೊನಿ. ಇದನ್ನು ಕೇಳಿದಾಗ ನನಗೆ ಹೊಳೆದದ್ದು ನಮ್ಮ ಹಳೆಯ ಪ್ರೆಸ್ಸುಗಳು. ಕನ್ನಡದ ಅಚ್ಚುಮೊಳೆಗಳೂ ಇದೇ ಮೂರು ಲೋಹಗಳ ಎರಕ. ಒತ್ತಿನ ಅಂಚು, ಕೊಂಬು, ತಲೆಕಟ್ಟು ಚೂಪಾಗಿ ಮೂಡುತ್ತಿದ್ದುದು ಇದೇ ಗುಣದಿಂದ. ಅಮೆರಿಕದಲ್ಲಿ ಮುಚ್ಚಿದ ಮುದ್ರಣಾಲಯಗಳ ಲೈನೋಟೈಪ್ ಲೋಹವನ್ನು ಗುಂಡು ಎರೆಯುವವರು ಹುಡುಕಿ ಕೊಳ್ಳುತ್ತಾರೆ. ಪತ್ರಿಕೆಯ ಅಕ್ಷರ ಕರಗಿ ಗುಂಡಾಗುವುದು ಅಲ್ಲಿ ರೂಪಕವಲ್ಲ, ಶನಿವಾರದ ಕೆಲಸ. ಸೀಸ ವಿಷವೂ ಹೌದು. ಗಾಳಿಯಾಡುವ ಜಾಗ, ಕೈ ತೊಳೆಯುವುದು, ಮಕ್ಕಳನ್ನು ದೂರವಿಡುವುದು ಅವರಿಗೆ ಕಟ್ಟುನಿಟ್ಟು.

ಕೊನೆಯ ಕೊಕ್ಕೆ

ಇಷ್ಟೆಲ್ಲ ಸರಿಮಾಡಿದ ಮೇಲೂ ಹಗುರ ಗುಂಡು ರಿವಾಲ್ವರಿನಲ್ಲಿ ಗುರಿಗಿಂತ ಕೆಳಗೆ ಬೀಳಬಹುದು. ಗುಂಡು ನಳಿಗೆಯೊಳಗೆ ಇರುವಾಗಲೇ ಒದೆತಕ್ಕೆ ಮೂತಿ ಮೇಲೇಳುತ್ತದೆ. ಹಳೆಯ ಮಾದರಿಯ ಸ್ಥಿರ ಗುರಿಕಾಯಿಯನ್ನು ಮಾಮೂಲಿ ತೂಕದ ಗುಂಡಿಗೆ, ಆ ಏರಿಕೆಯನ್ನೂ ಲೆಕ್ಕ ಹಿಡಿದು ಕೂರಿಸಿರುತ್ತಾರೆ. ಒದೆತ ಕಡಿಮೆಯಾದರೆ ಏರಿಕೆಯೂ ಕಡಿಮೆ, ಗುಂಡು ಕೆಳಗೆ. ಇದು ಗುಂಡಿನ ದೋಷವಲ್ಲ. ಐದೂ ಗುಂಡು ಒಂದೇ ಕಡೆ ಗುಂಪಾಗಿ ಕೆಳಗೆ ಬಿದ್ದರೆ ಗುಂಡು ನಿಖರವಾಗಿದೆ, ಗುರಿಕಾಯಿ ಬದಲಾಗಬೇಕು. ಚೆದುರಿ ಬಿದ್ದರೆ ಗುಂಡನ್ನೇ ನೋಡಬೇಕು. ಈ ಎರಡನ್ನು ಬೇರೆ ಮಾಡಿ ನೋಡಲು ಕಲಿಯದವರು ಒಳ್ಳೆಯ ಅಚ್ಚನ್ನೇ ಗುಜರಿಗೆ ಹಾಕುತ್ತಾರೆ.

ಕೈಲ್ ಮುಹೂರ್ತಕ್ಕೆ ಕೋವಿ ಪೂಜಿಸಿ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನ ಗೆಳೆಯರಿಗೆ ಇದರಲ್ಲಿ ಹಲವು ಸಂಗತಿ ಗೊತ್ತಿರಬಹುದು. ಉಳಿದವರಿಗೆ ಇಷ್ಟು ಸಾಕು: ಹಗುರ ಮಾಡುವುದೆಂದರೆ ಕತ್ತರಿಸುವುದಲ್ಲ. ಯಾವುದು ಕೆಲಸ ಮಾಡುತ್ತಿದೆ, ಯಾವುದು ಸುಮ್ಮನೆ ತೂಗುತ್ತಿದೆ ಎಂದು ತಿಳಿದ ಮೇಲೆ ಎರಡನೆಯದನ್ನು ಮಾತ್ರ ತೆಗೆಯುವುದು.