‘ಎಲ್ಲರೂ ಬನ್ನಿ’ ಅಂದರೆ ಯಾರೂ ಬರಲ್ಲ

ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಇದ್ದವರು 180 ಮಂದಿ. ‘ಭಾನುವಾರ ಬೆಳಿಗ್ಗೆ 6 ಗಂಟೆಗೆ ಕೆರೆ ಕಾಲುವೆ ಸ್ವಚ್ಛ ಮಾಡೋಣ, ಎಲ್ಲರೂ ಬನ್ನಿ’ ಎಂದು ಮೆಸೇಜ್ ಹಾಕಿದ್ದೆ. ನಲವತ್ತಕ್ಕೂ ಹೆಚ್ಚು ಜನ ಹೆಬ್ಬೆರಳಿನ ಚಿತ್ರ ಒತ್ತಿದರು. ಭಾನುವಾರ ಬಂದವರು ನನ್ನನ್ನೂ ಸೇರಿಸಿ ನಾಲ್ವರು. ಅವರಲ್ಲಿ ಒಬ್ಬ ನನ್ನ ತಮ್ಮ. ಅವನನ್ನೂ ಅವ್ವ ಬೈದು ಎಬ್ಬಿಸಿ ಕಳಿಸಿದ್ದಳು.

ನಮ್ಮದು ಕೊಟ್ಟೂರು ತಾಲ್ಲೂಕಿನ ಸಣ್ಣ ಊರು. ಡಿಗ್ರಿ ಮುಗಿಸಿ ಎರಡು ವರ್ಷವಾಯಿತು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಕೆರೆ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕೆರೆಗೆ ನೀರು ಬಂದರೆ ಬೋರ್‌ವೆಲ್‌ನಲ್ಲಿ ನೀರು. ಬರದಿದ್ದರೆ ಮನೆಗೆ ಬೀಗ ಹಾಕಿ ಗುಳೆ. ನಮ್ಮೂರ ಕೆರೆಗೆ ನೀರು ತರುವ ಕಾಲುವೆಯಲ್ಲಿ ಬಳ್ಳಾರಿ ಜಾಲಿ ಬೆಳೆದು, ಅದಕ್ಕೆ ಪ್ಲಾಸ್ಟಿಕ್ ಸಿಕ್ಕಿಕೊಂಡು, ಮಳೆ ನೀರೆಲ್ಲ ರಸ್ತೆಗೆ ಹರಿದು ಹೋಗುತ್ತಿತ್ತು.

ಅಂದು ಕೈಗೆ ಮುಳ್ಳು ಚುಚ್ಚಿಸಿಕೊಂಡು ಮನೆಗೆ ಬಂದಾಗ ಅಪ್ಪ ಅಂದದ್ದು ಒಂದೇ ಮಾತು: ‘ನೌಕರಿ ಇಲ್ಲದೋರಿಗೆ ಇಂಥಾವೆಲ್ಲ ಹೊಳೀತಾವ ನೋಡು.’ ಮುಳ್ಳಿಗಿಂತ ಅದೇ ಹೆಚ್ಚು ಚುಚ್ಚಿತು. ನಮ್ಮೂರ ಜನರೇ ಸರಿಯಿಲ್ಲ, ಯಾರಿಗೂ ಕಾಳಜಿಯಿಲ್ಲ ಎಂದು ತೀರ್ಮಾನಿಸಿ ಗ್ರೂಪಿನಿಂದ ಹೊರಬಂದೆ.

ಆ ತೀರ್ಮಾನವನ್ನು ಸುಳ್ಳು ಮಾಡಿದ್ದು ಕೊಟ್ಟೂರೇಶ್ವರ ತೇರು. ತೇರಿಗೆ ದಾವಣಗೆರೆ, ಹರಪನಹಳ್ಳಿ ಕಡೆಯಿಂದ ಜನ ನಡೆದುಕೊಂಡೇ ಬರುತ್ತಾರೆ. ದಾರಿಯುದ್ದಕ್ಕೂ ಪಾದಯಾತ್ರಿಗಳಿಗೆ ಊಟ, ಮಜ್ಜಿಗೆ, ಹಣ್ಣು, ಮಲಗಲು ಜಾಗ ಸಿಗುತ್ತದೆ. ನನ್ನ ಮೆಸೇಜಿಗೆ ಹೆಬ್ಬೆರಳು ಒತ್ತಿ ಮಲಗಿದ್ದ ಹುಡುಗರೇ ಅಲ್ಲಿ ರಾತ್ರಿಯಿಡೀ ನಿಂತು ಯಾತ್ರಿಗಳಿಗೆ ನೀರು ಕೊಡುತ್ತಿದ್ದರು. ಒಬ್ಬರ ಮನೆಯಿಂದ ಅಕ್ಕಿ, ಇನ್ನೊಬ್ಬರ ಮನೆಯಿಂದ ಪಾತ್ರೆ, ಮತ್ತೊಬ್ಬರ ಟ್ರ್ಯಾಕ್ಟರ್. ಅವರಿಗೆ ಯಾರೂ ‘ಎಲ್ಲರೂ ಬನ್ನಿ’ ಎಂದು ಕರೆದಿರಲಿಲ್ಲ. ಆದರೆ ತನ್ನ ಪಾಲಿನ ಕೆಲಸ ಯಾವುದು ಎಂಬುದು ಪ್ರತಿಯೊಬ್ಬರಿಗೂ ಗೊತ್ತಿತ್ತು.

ಭಕ್ತಿ ಬೇರೆ, ಕಾಲುವೆ ಬೇರೆ, ನಿಜ. ಆದರೂ ನನ್ನ ತಪ್ಪು ನನಗೆ ಕಂಡಿತು. 180 ಜನರನ್ನು ಕರೆದಿದ್ದೆ, ಒಬ್ಬರಿಗೂ ಕೆಲಸ ಹೇಳಿರಲಿಲ್ಲ. ದಿನ, ಸಮಯ, ಜಾಗ ಎಲ್ಲವನ್ನೂ ನಾನೇ ನಿರ್ಧರಿಸಿ, ಉಳಿದವರು ಬಂದು ದುಡಿಯಲಿ ಅಂದುಕೊಂಡಿದ್ದೆ.

ತೇರು ಮುಗಿದ ಮೇಲೆ ಮನೆಮನೆಗೆ ಹೋದೆ. ಟ್ರ್ಯಾಕ್ಟರ್ ಇರುವ ಮಾವನಿಗೆ ‘ನೀವು ಬರಬೇಡ್ರಿ, ಅರ್ಧ ದಿನ ಗಾಡಿ ಕೊಡ್ರಿ ಸಾಕು’ ಅಂದೆ. ಹೋಟೆಲ್‌ನವರಿಗೆ ಮಂಡಕ್ಕಿ-ಮಿರ್ಚಿ ಕೇಳಿದೆ. ಪಂಚಾಯಿತಿಗೆ ಅರ್ಜಿ ಬರೆಯುವ ಕೆಲಸವನ್ನು ಅಕ್ಷರ ಚೆಂದ ಇರುವ ಪಿಯುಸಿ ಹುಡುಗಿಗೆ ಕೊಟ್ಟೆವು. ಕಾಲುವೆಯ ಹಳೇ ದಾರಿ ಬಲ್ಲ ಅಜ್ಜನನ್ನು ಬೈಕ್ ಮೇಲೆ ಕೂರಿಸಿಕೊಂಡು ಹೋದೆ. ಅವರು ನಾವು ಕಡಿದ ಜಾಗ ನೋಡಿ ನಕ್ಕರು: ‘ಇದು ಬಾಲ ಐತಲೋ ತಮ್ಮಾ, ಬಾಯಿ ಅಲ್ಲೈತಿ.’ ನಾವು ನಾಲ್ವರು ಒಂದಿಡೀ ಭಾನುವಾರ ತಪ್ಪು ತುದಿಯಲ್ಲಿ ದುಡಿದಿದ್ದೆವು!

ಎಲ್ಲರೂ ಒಪ್ಪಲಿಲ್ಲ. ಓಣಿಯ ಒಬ್ಬ ದೊಡ್ಡಮ್ಮ ನೇರವಾಗಿಯೇ ಕೇಳಿದರು: ‘ನಮ್ಮ ಒಲಿ ಉರಿಯೋದ ಆ ಜಾಲಿಯಿಂದ. ಕಡಿದು ಮಾರ್ಕೋತೀರೇನು?’ ಉತ್ತರ ನನ್ನ ಬಳಿ ಇರಲಿಲ್ಲ. ಕೂತು ಮಾತಾಡಿದೆವು. ಕಡಿದ ಕಟ್ಟಿಗೆಯೆಲ್ಲ ಒಲೆ ಹಚ್ಚುವ ಮನೆಗಳಿಗೇ ಎಂದು ಮಾತಾಯಿತು. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಕೊಡಲಿ ಹಿಡಿದು ಬಂದವರು ಅವರೇ. ಅಂದು 23 ಜನ ಸೇರಿದ್ದೆವು.

ಜನರಿಗೆ ಪಾಲು ಕೊಟ್ಟರೆ ಕೆರೆ ಉಳಿಯುತ್ತದೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ದೊಡ್ಡ ಉದಾಹರಣೆಯಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದ್ದು. ವಿಸ್ತೀರ್ಣ 98.76 ಹೆಕ್ಟೇರ್. ಇಂದು ಅಲ್ಲಿ 30 ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಆಶ್ರಯ ಪಡೆಯುತ್ತವೆ. ಕೆರೆಯೊಳಗಿನ ಜಾಲಿ ಮರಗಳ ಮೇಲೆ ಗೂಡು ಕಟ್ಟುತ್ತವೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಮಾಗಡಿ ಕೆರೆಯ ಜೊತೆಗೆ ರಾಮ್ಸಾರ್ ಪಟ್ಟಿಗೂ ಸೇರಿತು. ಸಂರಕ್ಷಣಾ ಮೀಸಲು ಎಂದು ಘೋಷಿಸುವ ಮೊದಲು ಸ್ಥಳೀಯರ ಜೊತೆ ಸಮಾಲೋಚಿಸಬೇಕು, ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕು ಎನ್ನುತ್ತದೆ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಪರೀಕ್ಷೆಗೆಂದು ರಾಮ್ಸಾರ್ ತಾಣಗಳ ಪಟ್ಟಿ ಬಾಯಿಪಾಠ ಮಾಡುವ ಗೆಳೆಯರು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಏರಿಯ ಮೇಲೆ ನಿಂತು ನೋಡಿದ್ದು ಮರೆತುಹೋಗುವುದಿಲ್ಲ.

ನಿಮ್ಮೂರಲ್ಲೂ ಇಂಥ ಕೆಲಸವಿದ್ದರೆ ಅನುಭವದಿಂದ ಇಷ್ಟು ಹೇಳಬಲ್ಲೆ. ಮೆಸೇಜ್ ಹಾಕಬೇಡಿ, ಮನೆಗೆ ಹೋಗಿ. ‘ಸಹಾಯ ಮಾಡಿ’ ಎನ್ನಬೇಡಿ, ಒಂದು ಸಣ್ಣ ಕೆಲಸದ ಹೆಸರು ಹೇಳಿ ಕೇಳಿ. ವಿರೋಧಿಸುವವರ ಮನೆಗೆ ಮೊದಲು ಹೋಗಿ, ಅವರಿಗೆ ಗೊತ್ತಿರುವುದು ನಮಗೆ ಗೊತ್ತಿರುವುದಿಲ್ಲ. ಪಂಚಾಯಿತಿಗೆ ಬರಹದಲ್ಲಿ ತಿಳಿಸಿ, ಗ್ರಾಮಸಭೆಯಲ್ಲಿ ಮಾತಾಡಿ. ಫೋಟೊದಲ್ಲಿ ಮಧ್ಯೆ ನೀವು ನಿಲ್ಲಬೇಡಿ.

ಓದು ಹಾಳಾಗಲಿಲ್ಲವೇ ಎಂದು ಕೇಳಬಹುದು. ವಾರಕ್ಕೆ ಮೂರು ಗಂಟೆ ಹೋಯಿತು. ಮೊಬೈಲಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಕಳೆಯುತ್ತಿದ್ದೆ.

ಮುಂಗಾರಿನ ಮೊದಲ ದೊಡ್ಡ ಮಳೆ ರಾತ್ರಿ ಹತ್ತರ ಮೇಲೆ ಬಂತು. ಟಾರ್ಚ್ ಹಿಡಿದು ಕಾಲುವೆ ಕಡೆ ಓಡಿದೆ. ನೀರು ಮೊಣಕಾಲುದ್ದ ಹರಿಯುತ್ತಿತ್ತು. ಆ ಸಲ ಕೆರೆ ತುಂಬಲಿಲ್ಲ, ಅರ್ಧವೂ ಆಗಲಿಲ್ಲ. ಆದರೆ ನಾನು ಹೋಗುವ ಮೊದಲೇ ಏಳೆಂಟು ಜನ ಅಲ್ಲಿ ನಿಂತು, ಸಿಕ್ಕಿಕೊಂಡ ಕಸ ಎಳೆದು ಹಾಕುತ್ತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ಕೊಡೆ ಹಿಡಿದು ಅಪ್ಪನೂ ನಿಂತಿದ್ದ.

ನಾಳೆ ನನಗೆ ನೌಕರಿ ಸಿಕ್ಕರೆ ಊರು ಬಿಡಬೇಕಾಗುತ್ತದೆ. ಕಾಲುವೆಯ ಚಿಂತೆ ಈಗ ನನಗಿಲ್ಲ.